ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಪಂಕ್ ಶೋಗಳಿಗೆ ಹೋಗೋರು ಯಾರಾದ್ರೂ ಇದ್ದೀರಾ?

ಫ್ರೀಮಾಂಟ್_ಶಶಿ

ಎಲ್ಲರಿಗೂ ನಮಸ್ಕಾರ. ಮನೆ ಬಾಡಿಗೆ, ಗ್ರೀನ್ ಕಾರ್ಡು, ರಾಜ್ಯೋತ್ಸವದ ಕಾರ್ಯಕ್ರಮ, ಸೋನಾ ಮಸೂರಿ ಎಲ್ಲಿ ಅಗ್ಗ, ಇವೆಲ್ಲ ಇಲ್ಲಿ ಬೇಕಾದಷ್ಟು ಚರ್ಚೆಯಾಗಿವೆ. ಪಂಕ್ ರಾಕ್ ಅನ್ನೋ ಬಿರುಸಾದ, ಗದ್ದಲದ ಗಿಟಾರ್ ಸಂಗೀತದ ಲೋಕಲ್ ಶೋಗಳ ಬಗ್ಗೆ ಒಬ್ಬರೂ ಬರೆದದ್ದು ಕಾಣಲಿಲ್ಲ. ಹಾಗಾಗಿ ನಾನೇ ಶುರು ಮಾಡ್ತಿದ್ದೀನಿ.

ನಾನು ಹೆಚ್ಚಾಗಿ ಹೋಗೋದು ಬರ್ಕ್ಲಿಯ 924 ಗಿಲ್ಮನ್ ಅನ್ನೋ ಕ್ಲಬ್ಬಿಗೆ. ಗಿಲ್ಮನ್ ಸ್ಟ್ರೀಟಿಗೆ ಎಂಟನೇ ಸ್ಟ್ರೀಟು ಸೇರುವ ಕಡೆ, ಗೋದಾಮು ವರ್ಕ್‌ಶಾಪುಗಳ ಮಧ್ಯೆ ಇರೋ ಇಟ್ಟಿಗೆ ಕಟ್ಟಡ. 1986ರ ಡಿಸೆಂಬರ್ 31ರ ರಾತ್ರಿ ಅಲ್ಲಿ ಮೊದಲ ಶೋ ನಡೆಯಿತು. ಶುರುವಿನಿಂದಲೂ ಮದ್ಯ ಇಲ್ಲ, ವಯಸ್ಸಿನ ಮಿತಿ ಇಲ್ಲ. ಲಾಭಕ್ಕಾಗಿ ನಡೆಸೋ ಜಾಗವೂ ಅಲ್ಲ. ಬಾಗಿಲಲ್ಲಿ ದುಡ್ಡು ತಗೊಳ್ಳೋರಿಂದ ಹಿಡಿದು ಶೋ ಮುಗಿದ ಮೇಲೆ ಕಸ ಗುಡಿಸೋರವರೆಗೆ ವಾಲಂಟಿಯರ್‌ಗಳೇ ನಿಂತು ನಡೆಸ್ತಾರೆ. ಒಳಗೆ ಹೋಗೋ ದಾರಿಯಲ್ಲೇ ದೊಡ್ಡ ಅಕ್ಷರದಲ್ಲಿ ನಿಯಮ ಬರೆದಿದೆ: ಜನಾಂಗದ್ವೇಷ ಬೇಡ, ಹೆಂಗಸರನ್ನ ಕೀಳಾಗಿ ಕಾಣೋದು ಬೇಡ, ಸಲಿಂಗಿಗಳ ಮೇಲೆ ದ್ವೇಷ ಬೇಡ, ಹೊಡೆದಾಟ ಬೇಡ, ಹೆಂಡ ಡ್ರಗ್ಸ್ ಬೇಡ.

ಈ ದೇಶದಲ್ಲಿ ಬಹಳ ಕಾಲ ನಾನು ಊರು ನೋಡಿದ್ದು ಕಾರಿನ ಗಾಜಿನಿಂದ. ಆಫೀಸು, ಮನೆ, ಅಂಗಡಿ, ಮತ್ತೆ ಮನೆ. ಶೋಗೆ ಹೋಗೋಕೆ ಶುರು ಮಾಡಿದ ಮೇಲೆ ಟ್ರೇನ್ ಹತ್ತಿದೆ, ಸಂಜೆ ಹೊತ್ತು ಫುಟ್‌ಪಾತಲ್ಲಿ ನಡೆದೆ, ಪರಿಚಯ ಇಲ್ಲದವರ ಜೊತೆ ನಿಂತು ಮಾತಾಡಿದೆ. ಫ್ರೀಮಾಂಟಿನಿಂದ ನಾರ್ತ್ ಬರ್ಕ್ಲಿ ಸ್ಟೇಷನ್ನಿಗೆ ಬಾರ್ಟ್ ಟ್ರೇನಿನ ಆರೆಂಜ್ ಲೈನ್ ನೇರ ಹೋಗುತ್ತೆ, ಎಲ್ಲೂ ಬದಲಾಯಿಸಬೇಕಿಲ್ಲ. ಅಲ್ಲಿಂದ ಇಪ್ಪತ್ತೈದು ನಿಮಿಷದ ನಡಿಗೆ. ಊರು ನಮ್ಮದು ಅನ್ನಿಸಬೇಕಾದರೆ ಅದರಲ್ಲಿ ಹೀಗೊಂದು ಚಿಕ್ಕ ಜಾಗ ಬೇಕು. ಕಡಿಮೆ ದುಡ್ಡು ಸಾಕಾಗಬೇಕು, ಯಾರು ಬೇಕಾದರೂ ಒಳಗೆ ಬರುವಂತಿರಬೇಕು, ಬಂದವರಿಗೆ ಮಾಡೋಕೂ ಏನಾದರೂ ಕೆಲಸ ಇರಬೇಕು.

ಹೋಗೋರು ಇದ್ದರೆ ಕೈ ಎತ್ತಿ. ಹೋಗದೇ ಇರೋರು ಏನು ಅನುಮಾನ ಇದ್ದರೂ ಕೇಳಿ, ನನಗೆ ಗೊತ್ತಿರೋದು ಹೇಳ್ತೀನಿ.

ಧಾರವಾಡದ_ಹುಡುಗ

ಶಶಿ ಸರ್, ಭಾಳ ಛಲೋ ವಿಷಯ ತೆಗದ್ರಿ. ನಾ ಬರ್ಕ್ಲಿಯೊಳಗ ಎಂಎಸ್ ಮಾಡಾಕತ್ತೀನಿ. ಕ್ಯಾಂಪಸ್‌ನಿಂದ ಗಿಲ್ಮನ್ ಅಂಥಾ ದೂರ ಏನಿಲ್ಲ, ಆದ್ರೂ ಒಮ್ಮಿನೂ ಹೋಗಿಲ್ಲ. ಖರೇ ಹೇಳಬೇಕಂದ್ರ ಹೆದರಿಕಿ ಆಗ್ತದ. ವಿಡಿಯೋದಾಗ ನೋಡಿದ್ರ ಮಂದಿ ಒಬ್ಬರ ಮ್ಯಾಲೊಬ್ಬರು ಬೀಳತಾರ, ಕೈ ಬೀಸತಾರ. ಪಿಟ್ ಅಂತಾರಲ್ಲ, ಅದ. ನಾ ಮೊದಲ ಸಣಕಲ ಇದ್ದೀನಿ. ಮತ್ತ ಅಲ್ಲಿ ನಮ್ಮಂಥಾ ಮಾರಿ ಇರೋರು ಯಾರರ ಇರತಾರೇನ್ರಿ? ಅರಿವಿ ಎಂಥಾವು ಹಾಕೋಬೇಕು? ನನ್ನ ಹತ್ರ ಲೆದರ್ ಜಾಕೆಟ್ ಇಲ್ಲ.

ಫ್ರೀಮಾಂಟ್_ಶಶಿ

ಜಾಕೆಟ್ ಬೇಕಾಗಿಲ್ಲ. ಟೀ ಶರ್ಟು, ಜೀನ್ಸು, ಗಟ್ಟಿ ಲೇಸ್ ಕಟ್ಟಿದ ಶೂ ಸಾಕು. ಚಪ್ಪಲಿ ಮಾತ್ರ ಬೇಡ, ಕಾಲು ತುಳಿಸ್ಕೋತೀರಿ. ಕನ್ನಡಕ ಇದ್ದರೆ ಹಿಂದಕ್ಕೆ ದಾರ ಕಟ್ಟಿಕೊಳ್ಳಿ.

ಪಿಟ್ ಬಗ್ಗೆ ಹೇಳ್ತೀನಿ. ಸ್ಟೇಜಿನ ಮುಂದೆ ಮಧ್ಯದಲ್ಲಿ ಒಂದು ಸುತ್ತು ತಾನಾಗೇ ಖಾಲಿಯಾಗುತ್ತೆ, ಕುಣಿಯೋರು ಅದರೊಳಗೆ ಹೋಗ್ತಾರೆ. ಅದರ ಅಂಚಿನಲ್ಲಿ ಒಂದಷ್ಟು ಜನ ಕೈ ಮುಂದೆ ಇಟ್ಟುಕೊಂಡು ನಿಂತಿರ್ತಾರೆ. ಒಳಗಿನಿಂದ ಯಾರಾದರೂ ಉರುಳಿಕೊಂಡು ಬಂದರೆ ಮೆಲ್ಲಗೆ ಹಿಡಿದು ವಾಪಸ್ ತಳ್ಳೋದು ಅವರ ಕೆಲಸ. ಅವರ ಹಿಂದೆ ನಿಂತವರಿಗೆ ಏನೂ ತಾಗಲ್ಲ. ಯಾರಾದರೂ ಬಿದ್ದರೆ ಆ ಕ್ಷಣವೇ ಸುತ್ತಲಿನ ನಾಲ್ಕೈದು ಜನ ಬಗ್ಗಿ ಎತ್ತುತ್ತಾರೆ, ಇದು ಬರೆಯದ ನಿಯಮ. ಯಾರದಾದರೂ ಶೂ ಕಳಚಿಕೊಂಡರೆ ಸಿಕ್ಕವರು ಅದನ್ನ ತಲೆಯ ಮೇಲೆ ಎತ್ತಿ ಹಿಡಿದು ನಿಲ್ತಾರೆ, ಕಳಕೊಂಡವರು ನೋಡಿ ಬಂದು ತಗೊಳ್ಳಲಿ ಅಂತ. ಬೇಕಂತಲೇ ಹೊಡೆಯೋನು ಒಬ್ಬ ಬಂದರೆ ಹಾಡು ನಿಲ್ಲಿಸಿ ಅವನನ್ನ ಹೊರಗೆ ಕಳಿಸಿದ ಬ್ಯಾಂಡುಗಳನ್ನೂ ನೋಡಿದ್ದೀನಿ.

ಮೊದಲ ಸಲ ಗೋಡೆ ಪಕ್ಕ ನಿಂತ್ಕೊಳ್ಳಿ. ಯಾರೂ ನಿಮ್ಮನ್ನ ಎಳೆಯಲ್ಲ.

ಹಳೇ_ಕ್ಯಾಸೆಟ್

ನಮ್ಮಂಥ ಮುಖದವರು ಇರ್ತಾರಾ ಅಂತ ಹುಡುಗ ಕೇಳಿದ್ದಾನೆ. ಅದಕ್ಕೆ ನಾನು ಉತ್ತರ ಕೊಡ್ತೀನಿ. ನಾನು ಈ ಕಡೆ ಬಂದಿದ್ದು 80ರ ದಶಕದ ಕೊನೆಯಲ್ಲಿ.

ಪಂಕ್ ಅಂದರೆ ಬಿಳಿ ಹುಡುಗರ ಸಂಗೀತ ಅನ್ನೋ ಚಿತ್ರ ಪೂರ್ತಿ ಸರಿಯಲ್ಲ. ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್ ಬ್ಯಾಂಡಿನವರು ಕಪ್ಪು ಜನ. ಹಾರ್ಡ್‌ಕೋರ್ ಅನ್ನೋ ಬಿರುಸಿನ ಶೈಲಿಯನ್ನ ಕಟ್ಟಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು. ಲಂಡನ್ನಿನ ಎಕ್ಸ್-ರೇ ಸ್ಪೆಕ್ಸ್ ಬ್ಯಾಂಡಿನ ಗಾಯಕಿ ಪಾಲಿ ಸ್ಟೈರೀನ್ ಅವರ ತಂದೆ ಸೋಮಾಲಿಯಾದವರು. 1979ರಲ್ಲಿ ಅದೇ ಲಂಡನ್ನಿನಲ್ಲಿ ಏಲಿಯನ್ ಕಲ್ಚರ್ ಅಂತ ಒಂದು ಬ್ಯಾಂಡು ಹುಟ್ಟಿತು. ನಾಲ್ವರಲ್ಲಿ ಮೂವರು ಪಾಕಿಸ್ತಾನಿ ಮೂಲದ ಹುಡುಗರು. ವಲಸೆ ಬಂದವರು ನಮ್ಮ ದೇಶವನ್ನ ಮುಳುಗಿಸಿಬಿಡ್ತಾರೆ ಅನ್ನೋ ಅರ್ಥದಲ್ಲಿ ಮಾರ್ಗರೆಟ್ ಥ್ಯಾಚರ್ 1978ರಲ್ಲಿ ಟಿವಿಯಲ್ಲಿ ಮಾತಾಡಿದ್ದರಲ್ಲ, ಅದಕ್ಕೆ ಉತ್ತರವಾಗಿ ಇಟ್ಟುಕೊಂಡ ಹೆಸರು ಅದು. ಅಮೆರಿಕದಲ್ಲೇ ಬಾಸ್ಟನ್ ಕಡೆಯಿಂದ ದಿ ಕೊಮಿನಾಸ್ ಬಂದರು, ಅವರೂ ನಮ್ಮ ಉಪಖಂಡದ ಮೂಲದವರು.

ಇನ್ನು ಸ್ಯಾನ್ ಫ್ರಾನ್ಸಿಸ್ಕೋದ ಕಥೆಯೇ ವಲಸಿಗರ ಊಟದ ಮನೆಯಿಂದ ಶುರುವಾಗುತ್ತೆ. ಬ್ರಾಡ್‌ವೇ ರಸ್ತೆಯಲ್ಲಿ ಮಬುಹಾಯ್ ಗಾರ್ಡನ್ಸ್ ಅಂತ ಫಿಲಿಪಿನೋ ಹೋಟೆಲ್ ಇತ್ತು. 70ರ ದಶಕದ ಕೊನೆಯಲ್ಲಿ ಈ ಊರಿನ ಪಂಕ್ ಬ್ಯಾಂಡುಗಳಿಗೆ ಅದೇ ಮನೆಯಾಯಿತು. ಡೆಡ್ ಕೆನಡೀಸ್, ಅವೆಂಜರ್ಸ್, ನನ್ಸ್ ಎಲ್ಲರೂ ಅಲ್ಲಿ ನುಡಿಸಿದವರು. ಊಟದ ವ್ಯಾಪಾರದ ಜೊತೆಗೆ ಸಂಗೀತಕ್ಕೂ ಜಾಗ ಬಿಟ್ಟಿದ್ದರಿಂದ ಒಂದು ಊರಿನ ಚರಿತ್ರೆ ಬದಲಾಯಿತು.

ಗಿಲ್ಮನ್ ಹುಟ್ಟಿದ್ದು ಬೇರೆ ಥರ. ಮ್ಯಾಕ್ಸಿಮಮ್ ರಾಕ್‌ನ್‌ರೋಲ್ ಅನ್ನೋ ಪತ್ರಿಕೆ ಇತ್ತು. 1977ರಲ್ಲಿ ರೇಡಿಯೋ ಕಾರ್ಯಕ್ರಮವಾಗಿ ಶುರುವಾಗಿ 1982ರಲ್ಲಿ ಪತ್ರಿಕೆಯಾಯಿತು. ಅದರ ಟಿಮ್ ಯೊಹಾನನ್ ಮತ್ತು ಒಂದಷ್ಟು ಹುಡುಗ ಹುಡುಗಿಯರು ಸೇರಿ ಈ ಜಾಗ ಹಿಡಿದು, ಕೈಯಾರೆ ಕಟ್ಟಿ, ಅನುಮತಿಗಳಿಗೆ ನಗರಸಭೆ ಅಲೆದು ಬಾಗಿಲು ತೆರೆದರು. 1988ರಲ್ಲಿ ಆ ತಂಡ ಕೈ ಬಿಟ್ಟಾಗ ಕ್ಲಬ್ಬು ಮುಚ್ಚೇ ಹೋಯಿತು ಅನ್ನಬೇಕು, ಅಷ್ಟರಲ್ಲಿ ಅಲ್ಲಿಗೆ ಬರ್ತಿದ್ದ ಹುಡುಗರೇ ಹೊಸ ಗುಂಪು ಕಟ್ಟಿ ಮತ್ತೆ ತೆರೆದರು. ಟಿಮ್ 1998ರಲ್ಲಿ ತೀರಿಕೊಂಡರು. ಅವರು ಶುರು ಮಾಡಿದ್ದು ಅವರಿಲ್ಲದೆಯೂ ನಡೀತಿದೆ. ಸಂಸ್ಥೆ ಕಟ್ಟೋರು ಇದನ್ನ ಗಮನಿಸಬೇಕು ಅಂತ ನನ್ನ ಅಭಿಪ್ರಾಯ. ನಮ್ಮ ಎಷ್ಟೋ ಸಂಘಗಳು ಒಬ್ಬರ ಜೊತೆಗೇ ಮುಗಿದು ಹೋಗ್ತವೆ.

ಸನ್ನಿವೇಲ್_ಅಮ್ಮ

ಸರ್, ನನ್ನ ಮಗಳಿಗೆ ಹದಿನೈದು ವರ್ಷ. ಬೇಸ್ ಗಿಟಾರ್ ನುಡಿಸ್ತಾಳೆ, ಶಾಲೆಯ ಸ್ನೇಹಿತೆಯರ ಜೊತೆ ಗ್ಯಾರೇಜಿನಲ್ಲಿ ಪ್ರಾಕ್ಟೀಸ್ ಮಾಡ್ತಾಳೆ. ಗಿಲ್ಮನ್‌ಗೆ ಕರ್ಕೊಂಡು ಹೋಗು ಅಂತ ಬೆನ್ನು ಬಿದ್ದಿದ್ದಾಳೆ. ಅವಳ ಅಪ್ಪನಿಗೆ ಪಂಕ್ ಅನ್ನೋ ಹೆಸರು ಕೇಳಿದರೇ ಆತಂಕ. ಅಮ್ಮ ಮಗಳು ಇಬ್ಬರೇ ಹೋಗಬಹುದಾ? ಇಷ್ಟು ಚಿಕ್ಕ ಹುಡುಗಿಯರು ನಿಜವಾಗಲೂ ಬರ್ತಾರಾ?

ಫ್ರೀಮಾಂಟ್_ಶಶಿ

ಖಂಡಿತ ಹೋಗಿ ಮೇಡಂ. ಹೈಸ್ಕೂಲ್ ಮಕ್ಕಳು ಬರ್ತಾರೆ, ಕೆಲವರು ಅಪ್ಪ ಅಮ್ಮಂದಿರ ಜೊತೆಗೇ ಬರ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಎಷ್ಟೋ ಬಾರ್‌ಗಳಲ್ಲಿ ಒಳ್ಳೊಳ್ಳೆ ಬ್ಯಾಂಡು ಇರುತ್ತೆ, ಆದರೆ 21 ತುಂಬದವರಿಗೆ ಬಾಗಿಲಲ್ಲೇ ಇಲ್ಲ ಅಂತಾರೆ. ಹದಿನೈದರ ಹುಡುಗಿಗೆ ಸಂಗೀತ ಬೇಕಾಗಿರೋದು ಹದಿನೈದರಲ್ಲಿ, ಇಪ್ಪತ್ತೊಂದಾಗೋವರೆಗೆ ಕಾಯಿ ಅಂದರೆ ಆ ಹಸಿವು ಎಲ್ಲಿ ಉಳಿಯುತ್ತೆ?

ನಿಮ್ಮ ಮಗಳಿಗೆ ಲಿಂಡಾ ಲಿಂಡಾಸ್ ಬ್ಯಾಂಡಿನವರು ಗೊತ್ತೇ ಇರ್ತಾರೆ. 2021ರಲ್ಲಿ ಲಾಸ್ ಏಂಜಲೀಸ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕದ ಕಪಾಟುಗಳ ಮುಂದೆ ನಿಂತು ನುಡಿಸಿದ ನಾಲ್ಕು ಹುಡುಗಿಯರು, ಏಷ್ಯನ್ ಮತ್ತು ಲ್ಯಾಟಿನೋ ಮನೆಗಳವರು. ಅವರ ಡ್ರಮ್ಮರಿಗೆ ಆಗಿನ್ನೂ ಹತ್ತು ವರ್ಷ. ಅಲ್ಲಿ ನುಡಿಸಿದ ಒಂದು ಹಾಡು, ಶಾಲೆಯಲ್ಲಿ ಒಬ್ಬ ಹುಡುಗ ಅವಳಿಗೆ ಅಂದ ಮಾತಿನಿಂದ ಹುಟ್ಟಿದ್ದು.

ಸನ್ನಿವೇಲ್_ಅಮ್ಮ

ಗೊತ್ತಾ ಅಂತ ಕೇಳ್ತೀರಾ! ಅವಳ ಕೋಣೆಯ ಗೋಡೆ ತುಂಬಾ ಅವರೇ ಇದ್ದಾರೆ.

ಕುಡ್ಲದ_ಕಿಟ್ಟ

ನಾನು ಓಕ್‌ಲ್ಯಾಂಡಿನಲ್ಲಿ ಇರುವುದು. ಎಲ್ಲರೂ ಚಂದ ಚಂದ ಹೇಳ್ತಾ ಇದ್ದೀರಿ, ನಾನು ಒಂದು ಗಂಭೀರ ವಿಷಯ ಹೇಳ್ಲಿಕ್ಕೆ ಬಂದೆ. 2016ರ ಡಿಸೆಂಬರ್ 2ರ ರಾತ್ರಿ ಇಲ್ಲಿ ಫ್ರೂಟ್‌ವೇಲ್‌ನ ಒಂದು ಗೋದಾಮಿನಲ್ಲಿ ಬೆಂಕಿ ಬಿತ್ತಲ್ಲ, ಘೋಸ್ಟ್ ಶಿಪ್. 36 ಜನ ಸತ್ತರು. ಅದು ಪಂಕ್ ಶೋ ಅಲ್ಲ, ಎಲೆಕ್ಟ್ರಾನಿಕ್ ಸಂಗೀತದ ರಾತ್ರಿ. ಆದರೆ ಸ್ವಭಾವ ಒಂದೇ, ಬಾಡಿಗೆ ಕಟ್ಟಲಿಕ್ಕೆ ಆಗದ ಕಲಾವಿದರು ಸಿಕ್ಕಿದ ಜಾಗದಲ್ಲಿ ಬದುಕುವುದು, ಅಲ್ಲೇ ನುಡಿಸುವುದು. ಮೇಲಿನ ಮಹಡಿಯಿಂದ ಇಳಿಯುವ ದಾರಿ ಇಕ್ಕಟ್ಟು, ಮರದ ಹಲಗೆ ಸಾಮಾನು ತುಂಬಿಸಿ ಇಟ್ಟದ್ದು, ನೀರು ಚಿಮ್ಮುವ ಸ್ಪ್ರಿಂಕ್ಲರ್ ಇಲ್ಲ.

ನಾನು ಶೋಗೆ ಹೋಗಬೇಡಿ ಎಂದು ಹೇಳುವುದಲ್ಲ ಮಾರಾಯ್ರೆ, ನಾನೂ ಹೋಗ್ತೇನೆ. ಮಾರ್ಟಿನ್ ಲೂಥರ್ ಕಿಂಗ್ ರಸ್ತೆಯಲ್ಲಿ ಎಲಾಯ್ಸ್ ಮೈಲ್ ಹೈ ಕ್ಲಬ್ ಉಂಟು, ಹಿಂದೆ ಬ್ಲೂಸ್ ಹಾಡ್ತಿದ್ದ ಜಾಗ, ಈಗ ಪಂಕ್ ಬ್ಯಾಂಡುಗಳೂ ಬರ್ತಾರೆ. ನಮ್ಮ ಮನೆಯಿಂದ ನಡೆದೇ ಹೋಗಬಹುದು. ಆದರೆ ಯಾವ ಜಾಗಕ್ಕೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ನಾನು ಎರಡನೇ ಬಾಗಿಲು ಎಲ್ಲಿ ಉಂಟು ಎಂದು ನೋಡ್ತೇನೆ. ಇಲ್ಲದಿದ್ದರೆ ಹೊರಗೆ ಬರ್ತೇನೆ, ಟಿಕೆಟ್ಟಿನ ದುಡ್ಡು ಹೋದರೆ ಹೋಯಿತು.

ಹಳೇ_ಕ್ಯಾಸೆಟ್

ಕಿಟ್ಟ ಹೇಳಿದ್ದು ಎಲ್ಲರೂ ಓದಬೇಕು. ಅದಕ್ಕೆ ಒಂದು ಮಾತು ಸೇರಿಸ್ತೀನಿ. ಬೆಂಕಿ ಆದ ಮೇಲೆ ಊರೂರಲ್ಲಿ ಇಂಥ ಜಾಗಗಳಿಗೆ ನೋಟಿಸ್ ಬಂತು, ಬಾಡಿಗೆದಾರರನ್ನ ಖಾಲಿ ಮಾಡಿಸಿದರು. ಅಪಾಯ ಕಡಿಮೆಯಾಯಿತಾ? ಬಾಡಿಗೆ ಕಡಿಮೆ ಇರೋ ಸುರಕ್ಷಿತ ಜಾಗ ಕೊಡದೇ ಇದ್ದರೆ ಜನ ಇನ್ನೂ ಮರೆಯಾದ ಮೂಲೆಗೆ ಹೋಗ್ತಾರೆ. ಗಿಲ್ಮನ್ ಅನುಮತಿ ಪಡೆದು, ಜನ ಮಿತಿ ಪಾಲಿಸಿಕೊಂಡು, ಅಕ್ಕಪಕ್ಕದವರ ಜೊತೆ ಮಾತಾಡಿಕೊಂಡು ಇಷ್ಟು ದಶಕ ನಡೆದಿದೆ. ಅಂಥ ಜಾಗ ಇದ್ದರೆ ಮಾತ್ರ ಕತ್ತಲ ಗೋದಾಮು ಬೇಡ ಅನ್ನೋಕೆ ನಮಗೆ ಬಾಯಿರುತ್ತೆ.

ಧಾರವಾಡದ_ಹುಡುಗ

ನಾ ನಿನ್ನೆ ರಾತ್ರಿ ಕುಂತು ಇದರ ಬಗ್ಗೆ ಓದಿದೆ. ಗ್ರೀನ್ ಡೇ ಬ್ಯಾಂಡಿನವರು ಇಲ್ಲೇ ಬೆಳದ ಹುಡುಗರು, ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಮಾಡಿದ್ರು ಅಂತ ಗಿಲ್ಮನ್‌ದಾಗ ಅವರಿಗೆ ನುಡಸಾಕ ಬಿಡಲಿಲ್ಲಂತ. ಇದು ಅನ್ಯಾಯ ಅಲ್ಲೇನ್ರಿ? ಓದಿ ನೌಕರಿ ಹಿಡದ ಮಗನ್ನ ಮನಿಯಿಂದ ಹೊರಗ ಹಾಕಿದಂಗ ಆತು.

ಹಳೇ_ಕ್ಯಾಸೆಟ್

ಹುಡುಗಾ, ಈ ಜಗಳ ಮೂವತ್ತು ವರ್ಷದಿಂದ ನಡೀತಿದೆ, ನೀನು ಸೇರಿಕೊಂಡಿದ್ದು ಸಂತೋಷ.

ನಡೆದದ್ದು ಇಷ್ಟು. ಗ್ರೀನ್ ಡೇ ಮೊದಲ ಎರಡು ಆಲ್ಬಮ್ ಮಾಡಿದ್ದು ಲುಕ್‌ಔಟ್ ಅನ್ನೋ ಇಲ್ಲಿನ ಚಿಕ್ಕ ರೆಕಾರ್ಡ್ ಕಂಪನಿಯಲ್ಲಿ. 1993ರಲ್ಲಿ ರಿಪ್ರೈಸ್ ಅನ್ನೋ ದೊಡ್ಡ ಕಂಪನಿ ಸೇರಿದರು, 1994ರ ಫೆಬ್ರವರಿಯಲ್ಲಿ ಡೂಕಿ ಅನ್ನೋ ಆಲ್ಬಮ್ ಬಂತು, ಜಗತ್ತೇ ಕೇಳಿತು. ದೊಡ್ಡ ಕಂಪನಿಯ ಬ್ಯಾಂಡುಗಳಿಗೆ ಇಲ್ಲಿ ಸ್ಟೇಜಿಲ್ಲ ಅನ್ನೋ ನಿಯಮವನ್ನ ಅವರ ಹೆಸರು ನೋಡಿ ಮಾಡಿದ್ದಲ್ಲ. ಕೆಲವು ನೂರು ಜನ ಹಿಡಿಯೋ ಕೋಣೆ ಅದು. ಟಿವಿಯಲ್ಲಿ ಬರೋ ಬ್ಯಾಂಡು ಅಲ್ಲಿ ನುಡಿಸ್ತೀವಿ ಅಂದರೆ ರಸ್ತೆ ತುಂಬಾ ಜನ, ಪೊಲೀಸು, ಟಿಕೆಟ್ ಬ್ಲ್ಯಾಕು. ಆ ವಾರ ಮೊದಲ ಸಲ ಸ್ಟೇಜ್ ಹತ್ತಬೇಕಿದ್ದ ಹೈಸ್ಕೂಲ್ ಬ್ಯಾಂಡಿಗೆ ಯಾರು ಜಾಗ ಕೊಡ್ತಾರೆ? 1989ರ ಮೇ 28ರಂದು ಆಪರೇಷನ್ ಐವಿ ಬ್ಯಾಂಡಿನವರು ತಮ್ಮ ಕೊನೆಯ ಶೋ ಅಲ್ಲೇ ಮಾಡಿದಾಗಲೇ ಕೋಣೆ ಹಿಡಿಸಲಾರದಷ್ಟು ಜನ. ಆ ರಾತ್ರಿ ಅವರಿಗಿಂತ ಮುಂಚೆ ನುಡಿಸಿದ ಚಿಕ್ಕ ಬ್ಯಾಂಡುಗಳಲ್ಲಿ ಒಂದು ಗ್ರೀನ್ ಡೇ. ಚಿಕ್ಕವರಿಗೆ ಜಾಗ ಇದ್ದಿದ್ದರಿಂದ ಅವರು ದೊಡ್ಡವರಾದರು.

ಬಸವನಗುಡಿ_ಬ್ಯಾಂಡು

ಒಪ್ಪಲ್ಲ ಸರ್. ಬ್ಯಾಂಡಿನವರೂ ಅನ್ನ ತಿನ್ನಬೇಕಲ್ಲ. ಸಂಗೀತದಿಂದ ದುಡಿದು ಬದುಕ್ತೀನಿ ಅನ್ನೋನಿಗೆ ದ್ರೋಹಿ ಅನ್ನೋ ಪಟ್ಟ ಕಟ್ಟೋದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆ ಕಾಲದಲ್ಲಿ ಅವರಿಗೆ ಬಹಳ ಜನ ಹಾಗೇ ಅಂದರು.

ಹಳೇ_ಕ್ಯಾಸೆಟ್

ಅಂದವರು ತಪ್ಪು ಅಂದರು. ನಿಯಮ ಬೇರೆ, ಬೈಗುಳ ಬೇರೆ. 2015ರ ಮಾರ್ಚಿನಲ್ಲಿ ವೆಸ್ಟ್ ಓಕ್‌ಲ್ಯಾಂಡಿನಲ್ಲಿ ಬೆಂಕಿ ಬಿದ್ದು ಎಕೆ ಪ್ರೆಸ್ ಅನ್ನೋ ಪ್ರಕಾಶನ ಮತ್ತು ಪಕ್ಕದ ಮುದ್ರಣಾಲಯಕ್ಕೆ ಹೊಡೆತ ಬಿತ್ತು, ಇಬ್ಬರು ಸತ್ತರು. ನಷ್ಟಕ್ಕೆ ಸಿಕ್ಕವರ ನೆರವಿಗಾಗಿ ಮೇ 17ರಂದು ಗ್ರೀನ್ ಡೇ ಮತ್ತೆ ಗಿಲ್ಮನ್ ಸ್ಟೇಜ್ ಹತ್ತಿದರು. ಒಳ್ಳೆ ಕೆಲಸಕ್ಕೆ ಬಾಗಿಲು ತೆಗೆದರು, ಅವರೂ ಬಂದರು. ಆ ಸುದ್ದಿ ಕೇಳಿ ನನಗೆ ತುಂಬಾ ಸಮಾಧಾನವಾಯಿತು.

ಸನ್ನಿವೇಲ್_ಅಮ್ಮ

ನನಗೆ ಈ ಕಂಪನಿ ವಿಷಯ ಅಷ್ಟು ಗೊತ್ತಿಲ್ಲ. ಆದರೆ ನಮ್ಮ ಸಂಗೀತ ಸಭೆಗಳಲ್ಲಿ ಹಿರಿಯ ವಿದ್ವಾಂಸರ ಕಚೇರಿ ಇದ್ದರೆ ಸಭಾಂಗಣ ತುಂಬುತ್ತೆ, ಮಧ್ಯಾಹ್ನ ಎರಡು ಗಂಟೆಗೆ ಮಕ್ಕಳು ಹಾಡಿದರೆ ಅವರ ಅಪ್ಪ ಅಮ್ಮ ಮಾತ್ರ ಕೂತಿರ್ತಾರೆ. ಶುಕ್ರವಾರ ಶನಿವಾರದ ಒಳ್ಳೆ ಹೊತ್ತನ್ನೇ ಹೊಸಬರಿಗೆ ಬಿಟ್ಟುಕೊಡೋ ಜಾಗ ಇದೆ ಅಂದರೆ, ಆ ನಿಯಮ ನನಗೆ ಒಪ್ಪಿಗೆ.

ಬಸವನಗುಡಿ_ಬ್ಯಾಂಡು

ನಾನು ಬೆಂಗಳೂರಿನಿಂದ ಬರೀತಿರೋದು. ನಿಮ್ಮ ಚರ್ಚೆ ಓದಿ ಹೊಟ್ಟೆಕಿಚ್ಚು ಆಗ್ತಿದೆ, ಹಾಗಾಗಿ ಇಲ್ಲಿನ ಸ್ಥಿತಿ ಹೇಳ್ತೀನಿ.

ಈ ಊರಿಗೆ ಗದ್ದಲದ ಸಂಗೀತ ಹೊಸದಲ್ಲ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬ್ಯಾಂಡು ಅರಮನೆ ಮೈದಾನಕ್ಕೆ ಬಂದಾಗ ದೇಶದ ಮೂಲೆಮೂಲೆಯಿಂದ ಟ್ರೇನ್ ಹತ್ತಿ ಬಂದಿದ್ದರು. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ. 1996ರಿಂದ ಸ್ವಾತಂತ್ರ್ಯ ದಿನಕ್ಕೆ ಫ್ರೀಡಂ ಜಾಮ್ ನಡೆದುಕೊಂಡು ಬಂತು, ಟಿಕೆಟ್ ಇಲ್ಲದೆ ಯಾರು ಬೇಕಾದರೂ ಬಂದು ಕೇಳೋ ಹಾಗೆ. ಪ್ರಾಕ್ಟೀಸ್ ಮಾಡೋ ಜಾಮ್ ರೂಮುಗಳು ಗಂಟೆ ಲೆಕ್ಕದ ಬಾಡಿಗೆಗೆ ಸಿಗ್ತವೆ. ನುಡಿಸೋರಿಗೆ ಬರ ಇಲ್ಲ.

ಕೋಣೆಗೆ ಬರ. ಇಲ್ಲಿ ಚಿಕ್ಕ ಬ್ಯಾಂಡಿಗೆ ಸಿಗೋದು ಪಬ್ಬು. ಪಬ್ಬಿನ ಲೆಕ್ಕಾಚಾರ ಬಿಯರ್ ಎಷ್ಟು ಖರ್ಚಾಯಿತು ಅನ್ನೋದು. ಮೂವತ್ತು ಜನ ಹುಡುಗರು ನಿಂಬೆಹಣ್ಣಿನ ಸೋಡಾ ಕುಡಿದುಕೊಂಡು ಕುಣಿದರೆ ಮಾಲೀಕರಿಗೆ ಏನೂ ಗಿಟ್ಟಲ್ಲ, ಅವರ ಕಷ್ಟವೂ ನನಗೆ ಅರ್ಥವಾಗುತ್ತೆ. 21 ಆಗದವರಿಗೆ ಬಾಗಿಲಲ್ಲೇ ತಡೆ. ಮೇಲಿನಿಂದ ಲೈಸೆನ್ಸು. 2005ರ ಆದೇಶದ ಪ್ರಕಾರ ಲೈವ್ ಸಂಗೀತಕ್ಕೆ ಪೊಲೀಸ್ ಕಮಿಷನರ್ ಕಚೇರಿಯಿಂದ ಪ್ರತ್ಯೇಕ ಪರವಾನಗಿ ಬೇಕು. ಆ ಆದೇಶ ಬಂದಿದ್ದೇ ಬೇರೆ ಥರದ ಲೈವ್ ಬ್ಯಾಂಡ್, ಡ್ಯಾನ್ಸ್ ಬಾರ್‌ಗಳನ್ನ ಕಣ್ಣಲ್ಲಿಟ್ಟುಕೊಂಡು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿದ ಮೇಲೆ ಗಿಟಾರು ಹಿಡಿದವರೂ ಅದರಲ್ಲಿ ಸಿಕ್ಕಿಕೊಂಡರು. ಕಟ್ಟಡದ ಕಾಗದಪತ್ರ ಸರಿ ಇಲ್ಲದ ಪಬ್ಬುಗಳು ಲೈವ್ ಸಂಗೀತ ನಿಲ್ಲಿಸಿದವು. ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಎಷ್ಟೋ ಬ್ಯಾಂಡುಗಳ ಮೊದಲ ಶೋ ಆದ ಜಾಗ ಅದು. ಆ ಸುದ್ದಿ ಬಂದ ದಿನ ನಮ್ಮ ಗುಂಪಿನಲ್ಲಿ ಯಾರಿಗೂ ಪ್ರಾಕ್ಟೀಸ್ ಮಾಡೋ ಮನಸ್ಸಿರಲಿಲ್ಲ.

ಮನೆ ಪಕ್ಕದಲ್ಲಿ ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಗುಡುಗಿದರೆ ಮಲಗೋರಿಗೆ ತೊಂದರೆ ಅನ್ನೋದು ನಿಜ. ಅದಕ್ಕೇ ನಾನು ಹೇಳೋದು, ಸಂಜೆ ಐದಕ್ಕೆ ಶುರುವಾಗಿ ಒಂಬತ್ತೂವರೆಗೆ ಮುಗಿಯೋ, ಮದ್ಯ ಇಲ್ಲದ ಒಂದು ಕೋಣೆ ಬೇಕು. ನಾಟಕಕ್ಕೆ ರಂಗಶಂಕರ ಇದೆ. 2004ರಲ್ಲಿ ಜೆ.ಪಿ. ನಗರದಲ್ಲಿ ಬಾಗಿಲು ತೆರೆದಾಗ ಪ್ರತಿ ದಿನ ನಾಟಕ ನಡೆಯುತ್ತೆ ಅಂದರೆ ನಂಬದವರು ಇದ್ದರು. ಇವತ್ತು ಕಾಲೇಜು ಹುಡುಗರು, ಅಜ್ಜಿ ತಾತ ಎಲ್ಲ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ತಾರೆ. ಸಂಗೀತಕ್ಕೆ ಅಂಥದ್ದೊಂದು, ಅದರ ಕಾಲು ಭಾಗದಷ್ಟಾದರೂ ಸಾಕು. ಸದ್ದು ಹೊರಗೆ ಹೋಗದ ಗೋಡೆ, ಎರಡು ಬಾಗಿಲು, ಮೆಟ್ರೋ ಹತ್ತಿರ.

ಪೊಟೊಮ್ಯಾಕ್_ಪುಟ್ಟಿ

ಬಸವನಗುಡಿಯವರೇ, ಕೋಣೆಯೇ ಬೇಕು ಅಂತಿಲ್ಲ, ಹುಲ್ಲು ಸಾಕು! ನಾನಿರೋದು ವಾಷಿಂಗ್ಟನ್ ಡಿಸಿ ಪಕ್ಕ. ಇಲ್ಲಿ ಟೆನ್ಲಿಟೌನ್‌ನಲ್ಲಿ ಫೋರ್ಟ್ ರೀನೋ ಅಂತ ಪಾರ್ಕು, ಮೆಟ್ರೋ ರೆಡ್ ಲೈನಿನಲ್ಲಿ ಇಳಿದು ನಡೆದರೆ ಸಿಗುತ್ತೆ. 1968ರಿಂದ ಬೇಸಿಗೆ ಸಂಜೆಗಳಲ್ಲಿ ಉಚಿತ ಶೋಗಳು. ಫುಗಾಜಿ ಅನ್ನೋ ಇಲ್ಲಿನ ಬ್ಯಾಂಡಿನವರು ಎಷ್ಟೋ ವರ್ಷ ಅಲ್ಲಿ ನುಡಿಸಿದರು. ಮಕ್ಕಳು ನಾಯಿ ಕರ್ಕೊಂಡು ಬರ್ತಾರೆ, ಜಮಖಾನ ಹಾಸ್ಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತು ನಾವು ಕೇಳ್ತೀವಿ. ಇನ್ನೂ ಬೆಳಕಿರುವಾಗಲೇ ಶುರುವಾಗುತ್ತೆ, ಕತ್ತಲಾಗೋ ಹೊತ್ತಿಗೆ ಮನೆ.

ಫುಗಾಜಿಯವರ ಶೋಗಳಿಗೆ ಟಿಕೆಟ್ ಐದು ಡಾಲರ್ ಆಸುಪಾಸು ಇರಬೇಕು, ಎಲ್ಲ ವಯಸ್ಸಿನವರಿಗೂ ಬಾಗಿಲು ತೆಗೆದಿರಬೇಕು ಅನ್ನೋದು ಅವರ ಪಟ್ಟು. ಹೆಸರು ಬಂದ ಮೇಲೂ ಬಿಡಲಿಲ್ಲ.

ನಿಮ್ಮ ಕ್ಯಾಲಿಫೋರ್ನಿಯಾಕ್ಕೂ ನಮ್ಮೂರಿಗೂ ಒಂದು ಸಂಬಂಧ ಇದೆ. 1980ರಲ್ಲಿ ಟೀನ್ ಐಡಲ್ಸ್ ಅನ್ನೋ ಡಿಸಿ ಹುಡುಗರ ಬ್ಯಾಂಡು ಪಶ್ಚಿಮಕ್ಕೆ ಹೋಗಿತ್ತು. ಹಳೇ ಕ್ಯಾಸೆಟ್ ಅವರು ಹೇಳಿದ ಅದೇ ಮಬುಹಾಯ್ ಗಾರ್ಡನ್ಸ್‌ನಲ್ಲಿ, ವಯಸ್ಸಾಗಿಲ್ಲದ ಕಾರಣ ಇವರ ಕೈ ಮೇಲೆ ದೊಡ್ಡದಾಗಿ ಎಕ್ಸ್ ಗುರುತು ಹಾಕಿದರು, ಬಾರ್‌ನವರು ಮದ್ಯ ಕೊಡದಿರಲಿ ಅಂತ. ಹುಡುಗರು ವಾಪಸ್ ಬಂದು ಇಲ್ಲಿನ ಕ್ಲಬ್ಬುಗಳಿಗೂ ಅದನ್ನೇ ಹೇಳಿದರು: ಕೈ ಮೇಲೆ ಗುರುತು ಹಾಕಿ, ಒಳಗೆ ಮಾತ್ರ ಬಿಡಿ, ನಾವು ಕುಡಿಯಲ್ಲ. ಆಮೇಲೆ ಮದ್ಯ ಮುಟ್ಟದ ಪಂಕ್ ಹುಡುಗರು ತಾವಾಗೇ ಅದನ್ನ ಹೆಮ್ಮೆಯಿಂದ ಹಾಕಿಕೊಳ್ಳೋಕೆ ಶುರು ಮಾಡಿದರು. ಬೆಂಗಳೂರಿನ ಪಬ್ಬಿನವರ ಜೊತೆ ಮಾತಾಡೋವಾಗ ಇದನ್ನ ಹೇಳಿ ನೋಡಿ. ಒಂದು ಭಾನುವಾರ ಮಧ್ಯಾಹ್ನ, ಮಾರ್ಕರ್ ಪೆನ್ನು, ಅಷ್ಟೇ.

ಬಸವನಗುಡಿ_ಬ್ಯಾಂಡು

ಪುಟ್ಟಿ ಮೇಡಂ, ಇದು ನನಗೆ ಹೊಸ ವಿಷಯ. ಇಲ್ಲಿನ ಅಬಕಾರಿ ನಿಯಮದ ಪ್ರಕಾರ ಪಬ್ಬಿನೊಳಗೆ ಆಗುತ್ತೋ ಇಲ್ಲವೋ ವಿಚಾರಿಸಬೇಕು. ಮಧ್ಯಾಹ್ನದ ಶೋ ಅನ್ನೋ ಯೋಚನೆ ಮಾತ್ರ ನಾಳೆಯೇ ಬ್ಯಾಂಡಿನವರ ಮುಂದೆ ಇಡ್ತೀನಿ. ಕೆಫೆಗಳಲ್ಲೂ ಕೇಳಬಹುದು.

ಕುಡ್ಲದ_ಕಿಟ್ಟ

ಕಿವಿಯ ವಿಷಯ ಯಾರೂ ಹೇಳಲೇ ಇಲ್ಲ. ನಾನು ಫ್ಯಾಕ್ಟರಿ ಸೇಫ್ಟಿಯಲ್ಲಿ ಕೆಲಸ ಮಾಡಿದವ, ಹಾಗಾಗಿ ಬಿಡ್ಲಿಕ್ಕೆ ಆಗುವುದಿಲ್ಲ. ಕೆಲಸದ ಜಾಗದ ಆರೋಗ್ಯ ನೋಡುವ ಇಲ್ಲಿನ ನಿಯಾಶ್ ಎಂಬ ಸರ್ಕಾರಿ ಸಂಸ್ಥೆಯ ಶಿಫಾರಸು, 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ. ಮೂರು ಡೆಸಿಬಲ್ ಏರಿದ ಹಾಗೆ ಸಮಯ ಅರ್ಧ ಆಗ್ತದೆ. 100 ಡೆಸಿಬಲ್ ಆದರೆ ಹದಿನೈದೇ ನಿಮಿಷ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್, ಗಿಟಾರಿನ ಸದ್ದು ದೊಡ್ಡದು ಮಾಡುವ ಎರಡು ಆಂಪ್ ಇಟ್ಟರೆ 100 ದಾಟುವುದು ಏನೂ ದೊಡ್ಡದಲ್ಲ. ಸ್ಪಂಜಿನ ಇಯರ್‌ಪ್ಲಗ್ ಮೆಡಿಕಲ್ ಅಂಗಡಿಯಲ್ಲಿ ಸಿಗ್ತದೆ. ಬೆರಳಲ್ಲಿ ಹೊಸೆದು ಸಪುರ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲೆ ಹಿಂದಕ್ಕೆ ಎಳೆದು, ಒಳಗೆ ತೂರಿಸಿ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಬೇಕು. ಹೊರಗೇ ಸಿಕ್ಕಿಸಿಕೊಂಡರೆ ಎಂತ ಪ್ರಯೋಜನ ಇಲ್ಲ. ಅಮ್ಮನವರೇ, ಮಗಳಿಗೆ ಪ್ರಾಕ್ಟೀಸ್ ಮಾಡುವಾಗಲೂ ಹಾಕಿಸಿ. ಹೋದ ಕಿವಿ ವಾಪಸ್ ಬರುವುದಿಲ್ಲ.

ಸನ್ನಿವೇಲ್_ಅಮ್ಮ

ಇವತ್ತೇ ತಂದೆ. ಧನ್ಯವಾದ.

ಧಾರವಾಡದ_ಹುಡುಗ

ಹೋಗಿ ಬಂದೆ! ಒಬ್ಬನ ಹೋದೆ, ಶನಿವಾರ.

ಬಾಗಿಲದಾಗ ನನ್ನ ವಯಸ್ಸಿನ ಒಬ್ಬಾಕಿ ಕುಂತಿದ್ದಳು, ಮೊದಲ ಸಲ ಏನು ಅಂತ ಕೇಳಿದಳು. ಹೌದಂದೆ. ಗೋಡಿ ಮ್ಯಾಲಿನ ನಿಯಮ ತೋರಿಸಿ, ಇದಕ್ಕ ಒಪ್ಪಿಗಿ ಅದ ಅಲ್ಲ ಅಂದಳು. ಒಳಗ ಹೋದ್ರ ನೆಲದಿಂದ ಜಂತಿ ತನಕ ಬರೀ ಬಣ್ಣ, ಸ್ಟಿಕ್ಕರು, ಬ್ಯಾಂಡಿನ ಹೆಸರು. ಒಂದರ ಮ್ಯಾಲೊಂದು ಎಷ್ಟೋ ವರ್ಷದ್ದು ಬರದಾರ. ಸ್ಟೇಜ್ ಭಾಳ ಎತ್ತರ ಇಲ್ಲ, ಹಾಡೋರ ಬೆವರು ಮುಂದ ನಿಂತವರ ಮ್ಯಾಲ ಬೀಳತದ. ಒಂದೊಂದು ಬ್ಯಾಂಡು ಅರ್ಧ ತಾಸಿನ್ಯಾಗ ಮುಗಸ್ತದ. ಮುಗದ ಕೂಡ್ಲೆ ಅವರ ತಮ್ಮ ಡ್ರಮ್ಸ್ ತಾವ ಹೊತ್ತೊಂಡು ಇಳದು, ಬಾಗಲಾ ಕಡೆ ಟೇಬಲ್ ಮ್ಯಾಲ ಟೀ ಶರ್ಟ್ ಮಾರಾಕ ನಿಂತ್ರು. ಆಗಷ್ಟ ಹಾಡಿದ ಹುಡುಗ ನನಗ ಚಿಲ್ಲರ ಎಣಿಸಿ ಕೊಟ್ಟ. ನಮ್ಮ ಕಡೆ ಹಾಡೋರ ಹತ್ರ ಹೋಗಬೇಕಂದ್ರ ಎಷ್ಟ ಮಂದಿನ್ನ ದಾಟಬೇಕು.

ಮೂರನೇ ಬ್ಯಾಂಡಿಗೆ ನಾನೂ ಅಂಚಿಗೆ ಹೋಗಿ ನಿಂತೆ. ಒಂದು ಹಾಡಿಗೆ ಒಳಗೂ ಹೋದೆ. ಕಾಲು ಜಾರಿತು, ಬಿದ್ದೆ. ನೆಲಕ್ಕ ಬೆನ್ನ ಹತ್ತೋದ್ರಾಗ ನಾಕು ಕೈ ಬಂದು ಎತ್ತಿದವು, ಒಬ್ಬಾವ ಭುಜ ತಟ್ಟಿ ಆರಾಮ ಇದ್ದೀಯೇನು ಅಂತ ಕೇಳಿ ಮತ್ತ ಕುಣ್ಯಾಕ ಹೋದ. ಹೊರಗ ಫುಟ್‌ಪಾತ್ ಮ್ಯಾಲ ಒಬ್ಬ ತಮಿಳು ಹುಡುಗ, ಒಬ್ಬಾಕಿ ಗುಜರಾತಿ ಮನಿತನದಾಕಿ ಸಿಕ್ಕರು, ಆಕಿ ಇಲ್ಲೇ ಹುಟ್ಟಿ ಬೆಳದಾಕಿ. ನಂಬರ್ ತಗೊಂಡೀವಿ.

ವಾಪಸ್ ನಡಕೋತ ಬಂದೆ. ಊರು ಬ್ಯಾರೆನ ಕಾಣಾಕತ್ತಿತ್ತು. ಇಷ್ಟು ದಿನ ಲ್ಯಾಬು, ರೂಮು ಬಿಟ್ಟು ಇಲ್ಲೇನೂ ನಂದಲ್ಲ ಅನಸ್ತಿತ್ತು.

ಫ್ರೀಮಾಂಟ್_ಶಶಿ

ಇದನ್ನ ಓದಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಮುಂದಿನ ಸಲ ಒಬ್ಬರೇ ಹೋಗಬೇಡಿ, ನಾನೂ ಬರ್ತೀನಿ. ಬಾರ್ಟ್ ನಡುರಾತ್ರಿಗೆ ನಿಲ್ಲುತ್ತೆ. ದೂರ ಹೋಗೋರು ಕೊನೇ ಟ್ರೇನಿನ ಹೊತ್ತು ಮೊದಲೇ ನೋಡಿಟ್ಟುಕೊಂಡು, ಕೊನೇ ಬ್ಯಾಂಡು ಅರ್ಧಕ್ಕೇ ಬಿಟ್ಟು ಬರೋಕೂ ತಯಾರಿರಬೇಕು. ತಪ್ಪಿಹೋದರೆ ಎಸಿ ಟ್ರಾನ್ಸಿಟ್‌ನ ರಾತ್ರಿ ಬಸ್ಸುಗಳಿವೆ, ನಿಧಾನ ಅಷ್ಟೇ. ಶೋಗಿಂತ ಮುಂಚೆ ಹಸಿವಾದರೆ ಫೋರ್ತ್ ಸ್ಟ್ರೀಟಿನ ವಿಕ್ಸ್ ಚಾಟ್ ಇದೆ, ಸಂಜೆ ಬೇಗ ಹೋಗಬೇಕು. ಮಧ್ಯಾಹ್ನವೇ ಬಂದರೆ ಟೆಲಿಗ್ರಾಫ್ ಅವೆನ್ಯೂದ ಅಮೀಬಾ ಅನ್ನೋ ರೆಕಾರ್ಡ್ ಅಂಗಡಿಯಲ್ಲಿ ಹಳೇ ರೆಕಾರ್ಡು ಹುಡುಕ್ತಾ ಎರಡು ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ಸನ್ನಿವೇಲ್_ಅಮ್ಮ

ನಾವೂ ಬರ್ತೀವಿ. ಮಗಳ ಅಪ್ಪನೂ ಬರ್ತಾರಂತೆ, ಈ ಚರ್ಚೆ ಪೂರ್ತಿ ಓದಿಸಿದೆ. ಎರಡನೇ ಬಾಗಿಲು ನೋಡೋ ಕೆಲಸ ಅವರಿಗೆ ವಹಿಸಿದ್ದೀನಿ.

ಇನ್ನೊಂದು ವಿಷಯ ಕೇಳಬೇಕಿತ್ತು. ಮಗಳ ಬ್ಯಾಂಡಿನವರಿಗೆ ಅಲ್ಲಿ ನುಡಿಸೋ ಆಸೆ. ಹಾಡಿನ ಸಾಹಿತ್ಯ ಮೊದಲೇ ಕಳಿಸಬೇಕು ಅಂತ ಅವಳು ಹೇಳ್ತಾಳೆ. ಅವರ ಒಂದು ಹಾಡಿನ ಪಲ್ಲವಿ ಕನ್ನಡದಲ್ಲಿದೆ, ಅವಳ ಅಜ್ಜಿ ಬೈಯೋ ಮಾತುಗಳನ್ನೇ ಹಾಡು ಮಾಡಿದ್ದಾರೆ. ಕನ್ನಡದಲ್ಲಿ ಕಳಿಸಿದರೆ ನಡೆಯುತ್ತಾ?

ಹಳೇ_ಕ್ಯಾಸೆಟ್

ಕನ್ನಡದಲ್ಲೇ ಬರೆದು ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಕೊಡಲಿ. ಯಾರನ್ನಾದರೂ ಕೀಳು ಮಾಡೋ ಮಾತು ಇದೆಯಾ ಅಂತ ಓದಿ ನೋಡೋದು ಅವರ ಪದ್ಧತಿ, ಭಾಷೆ ಯಾವುದಾದರೂ ಅಡ್ಡಿಯಾಗಬಾರದು. ಅರ್ಥ ಬರೆಯೋಕೆ ಸಹಾಯ ಬೇಕಿದ್ದರೆ ನನಗೆ ಕಳಿಸಿ. ಅದರ ಜೊತೆಗೆ ಒಂದು ಸಲಹೆ: ನುಡಿಸೋಕೆ ಕೇಳೋ ಮುಂಚೆ ಹುಡುಗಿಯರು ಸದಸ್ಯರ ಮೀಟಿಂಗಿಗೆ ಒಮ್ಮೆ ಹೋಗಿ ಬರಲಿ. ಸದಸ್ಯರಾದವರಿಗೆಲ್ಲ ಅಲ್ಲಿ ಮಾತಾಡೋ ಹಕ್ಕಿದೆ, ವಯಸ್ಸು ಕೇಳಲ್ಲ. ಒಂದೆರಡು ರಾತ್ರಿ ಬಾಗಿಲಲ್ಲಿ ಕೆಲಸ ಮಾಡಿದರೆ ಜಾಗ ಹೇಗೆ ನಡೆಯುತ್ತೆ ಅಂತಲೂ ಗೊತ್ತಾಗುತ್ತೆ.

ಕುಡ್ಲದ_ಕಿಟ್ಟ

ನನ್ನನ್ನೂ ಸೇರಿಸಿ. ಇಯರ್‌ಪ್ಲಗ್ ಡಬ್ಬಿ ತರ್ತೇನೆ, ಎಲ್ಲರಿಗೂ ಆಗ್ತದೆ.

ಫ್ರೀಮಾಂಟ್_ಶಶಿ

ಹಾಗಾದರೆ ಶನಿವಾರ ಸಂಜೆ ಆರೂವರೆಗೆ ನಾರ್ತ್ ಬರ್ಕ್ಲಿ ಸ್ಟೇಷನ್ ಹೊರಗೆ ಸೇರೋಣ. ಬರೋರು ಇಲ್ಲೇ ಒಂದು ಸಾಲು ಬರೆದುಬಿಡಿ, ಕಾಯೋಕೆ ಗೊತ್ತಾಗುತ್ತೆ. ಬಸವನಗುಡಿಯವರೇ, ನಿಮ್ಮ ಮಧ್ಯಾಹ್ನದ ಶೋ ಗೊತ್ತಾದರೆ ದಿನಾಂಕ ಇಲ್ಲಿ ಹಾಕಿ. ಡಿಸೆಂಬರಿನಲ್ಲಿ ನಾನು ಊರಿಗೆ ಬರ್ತಿದ್ದೀನಿ.